ಹಳೆಯ ಕ್ಷೌರದ ಕತ್ತಿಯ ಹಿಡಿಕೆ: ಕೊಂಬನ್ನು ಉಳಿಸಿಕೊಳ್ಳುವುದೋ, ಬೀಟೆಯದನ್ನು ಕೂಡಿಸುವುದೋ

ಮಡಚುವ ಹಳೆಯ ಕ್ಷೌರದ ಕತ್ತಿಗಳಲ್ಲಿ ಅಲಗು ಚೆನ್ನಾಗಿದ್ದರೂ ಹಿಡಿಕೆ ಕೆಟ್ಟಿರುವುದೇ ಹೆಚ್ಚು. ಬೆಳಗಾವಿಯಲ್ಲಿ ನನ್ನ ಬಳಿ ಸೇರಿರುವ ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗನ್ ಕತ್ತಿಗಳ ಮೇಲೆ ಮೂರು ದಾರಿಗಳನ್ನು ಪ್ರಯೋಗಿಸಿದ್ದೇನೆ: ತೆಳುವಾದ ಸೂಪರ್ ಗ್ಲೂನಿಂದ ದುರಸ್ತಿ, ಎಪಾಕ್ಸಿ ಅಂಟಿನಿಂದ ದುರಸ್ತಿ, ಬೀಟೆ ಮರದ ಹೊಸ ಹಿಡಿಕೆ. ಇವುಗಳಲ್ಲಿ ಯಾವುದು ಸರಿ ಎಂಬುದು ಮೂಲ ಹಿಡಿಕೆ ಕೊಂಬಿನದೋ, ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನದೋ, ಗಟ್ಟಿ ರಬ್ಬರಿನದೋ ಎಂಬುದರ ಮೇಲೆ ನಿಂತಿದೆ.

ಅದನ್ನು ತಿಳಿಯಲು ಕಾದ ಸೂಜಿ ಚುಚ್ಚುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಸೆಲ್ಯುಲಾಯ್ಡ್ ಆಗಿದ್ದರೆ ಹೊತ್ತಿಕೊಂಡೀತು. ಹೆಬ್ಬೆರಳಿನಿಂದ ಬಿಸಿಯೇರುವಷ್ಟು ಉಜ್ಜಿ ಮೂಸಿದರೆ ಸೆಲ್ಯುಲಾಯ್ಡ್ ಕರ್ಪೂರದ ವಾಸನೆಯನ್ನೂ ಗಟ್ಟಿ ರಬ್ಬರ್ ಗಂಧಕದ ವಾಸನೆಯನ್ನೂ ಕೊಡುತ್ತವೆ. ಕೊಂಬನ್ನು ಒಳಬದಿಯಲ್ಲಿ ಪಾಲಿಶ್ ಪೇಪರಿನಿಂದ ತುಸು ತಿಕ್ಕಿದಾಗ ಕೂದಲು ಸುಟ್ಟ ವಾಸನೆ ಬರುತ್ತದೆ.

ಕೊಳೆಯಲು ಆರಂಭಿಸಿದ ಸೆಲ್ಯುಲಾಯ್ಡಿಗೆ ದುರಸ್ತಿಯೇ ಇಲ್ಲ. ಅದರಿಂದ ಹೊರಡುವ ಆಮ್ಲದ ಆವಿ, ಮಡಚಿದಾಗ ಹಿಡಿಕೆಯೊಳಗೆ ಉಳಿಯುವ ಅಲಗಿನ ಭಾಗವನ್ನೇ ತುಕ್ಕು ಹಿಡಿಸುತ್ತದೆ. ಎಷ್ಟೇ ಸುಂದರವಾಗಿದ್ದರೂ ಅದನ್ನು ಬಿಚ್ಚಿ, ಬೇರೆ ಕತ್ತಿಗಳಿಂದ ದೂರವಿಡಬೇಕು. ಬೆಳಕಿಗೆ ಕಂದಿದ ಗಟ್ಟಿ ರಬ್ಬರಿಗೆ ನಯವಾದ ಪಾಲಿಶ್ ಸಾಕು, ಆದರೆ ಬಿಸಿನೀರು ತಾಗಿಸಬಾರದು.

ನಿಜವಾದ ಆಯ್ಕೆಯ ಪ್ರಶ್ನೆ ಇರುವುದು ಕೊಂಬಿನಲ್ಲಿ. ವಿಜಯಪುರದ ಬೇಸಿಗೆಯಂಥ ಒಣ ಹವೆಯಲ್ಲಿ ಅದು ಪದರು ಪದರಾಗಿ ಬಿಡುತ್ತದೆ, ಪೆಟ್ಟಿಗೆಯಲ್ಲಿ ಮರೆತರೆ ಹುಳು ಕೊರೆಯುತ್ತದೆ. ಕೂದಲೆಳೆಯಂಥ ಬಿರುಕಿಗೆ ಸೂಪರ್ ಗ್ಲೂಗೆ ಸಾಟಿಯಿಲ್ಲ: ತಾನೇ ಒಳಗೆ ಹರಿಯುತ್ತದೆ, ಪಾರದರ್ಶಕವಾದ್ದರಿಂದ ಕೊಂಬಿನ ಬಣ್ಣ ಹಾಗೆಯೇ ಕಾಣುತ್ತದೆ. ಆಳವಾದ ಹುಳುಕಿನಲ್ಲಿ ಮಾತ್ರ ಅದನ್ನು ತೆಳುವಾದ ಪದರುಗಳಲ್ಲಿ, ಒಂದೊಂದೂ ಒಣಗಿದ ಮೇಲೆ ಹಾಕಬೇಕು, ಇಲ್ಲದಿದ್ದರೆ ಒಳಗೆ ಹಸಿಯಾಗಿ ಉಳಿಯುತ್ತದೆ. ಕೊಂಬಿನ ಪುಡಿ ಬೆರೆಸಿದ ಎಪಾಕ್ಸಿ ಅಂಚು ಒಡೆದುಹೋದ ಕಡೆ ಹೆಚ್ಚು ಗಟ್ಟಿ, ಆದರೆ ಬೆಳಕು ಹಾಯುವ ತಿಳಿಬಣ್ಣದ ಕೊಂಬಿನ ಮೇಲೆ ಮಂಕಾದ ಕಲೆಯಂತೆ ಎದ್ದು ಕಾಣುತ್ತದೆ; ಕಪ್ಪು ಕೊಂಬಿಗೆ ಅದೇ ಒಳ್ಳೆಯದು. ಬೆಳಗಾವಿಯ ಮಳೆಗಾಲವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೂಪರ್ ಗ್ಲೂ ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ, ಜುಲೈ ತಿಂಗಳ ಹವೆಯಲ್ಲಿ ಸುತ್ತಲೂ ಬಿಳಿ ಮಬ್ಬು ಕೂಡುತ್ತದೆ. ಆ ಕೆಲಸವನ್ನು ನಾನು ಬೇಸಿಗೆಗೇ ಬಿಡುತ್ತೇನೆ. ಎರಡರಲ್ಲಿ ಯಾವುದನ್ನು ಬಳಸಿದರೂ ಔಡಲ ಎಣ್ಣೆಯಲ್ಲಿ ನೆನೆಸುವ ಕೆಲಸ ಕೊನೆಗೇ ಬರಬೇಕು, ಏಕೆಂದರೆ ಎಣ್ಣೆ ಕುಡಿದ ಕೊಂಬಿಗೆ ಅಂಟು ಹಿಡಿಯುವುದಿಲ್ಲ. ತುಂಬಿದ ಜಾಗವನ್ನು 400ರಿಂದ 2000 ಗ್ರಿಟ್‌ವರೆಗಿನ (ಅಂಕಿ ಹೆಚ್ಚಿದಷ್ಟೂ ನಯ) ಪಾಲಿಶ್ ಪೇಪರಿನಿಂದ, ನೀರು ಹಚ್ಚುತ್ತ ತಿಕ್ಕಿದರೆ ಹೊಳಪು ಮರಳುತ್ತದೆ.

ಬೀಟೆಯ ಹಿಡಿಕೆ ನೋಡಲು ಅಂದ, ಬಡಿಗೇರರ ಬಳಿ ಉಳಿದ ತುಂಡುಗಳಿಂದಲೇ ಆಗುತ್ತದೆ. ಆದರೂ ಹಿಡಿಕೆಯನ್ನು ಬಿಗಿಯುವ ಪಿನ್ನಿನ ರಂಧ್ರದಿಂದ ಅಂಚಿನವರೆಗೆ ಸೀಳಿಲ್ಲದ ಕೊಂಬನ್ನು ಕಿತ್ತುಹಾಕಿ ಅದನ್ನು ಕೂಡಿಸುವುದು ನನಗೆ ಅನ್ಯಾಯವೆನಿಸುತ್ತದೆ: ಕತ್ತಿಯ ತೂಕದ ಸಮತೋಲ ಬದಲಾಗುತ್ತದೆ, ಮೂಲದ ಗುರುತೂ ಹೋಗುತ್ತದೆ. ಅಂಥ ಸೀಳು ಬಿದ್ದ ಕೊಂಬಿಗೂ ಸೆಲ್ಯುಲಾಯ್ಡ್ ಕೊಳೆತ ಕತ್ತಿಗೂ ಮಾತ್ರ ಇದು ಸರಿಯಾದ ದಾರಿ. ಹಳೆಯದನ್ನು ಬಿಚ್ಚುವಾಗ ಹಿಡಿಕೆಯ ಎರಡು ಬದಿಗಳ ನಡುವೆ ತುದಿಯಲ್ಲಿರುವ ಬೆಣೆ ಸೀಸದ್ದಾಗಿದ್ದರೆ ಅದನ್ನು ಒಣಗಿದಂತೆಯೇ ತಿಕ್ಕಬಾರದು, ಅದರ ಪುಡಿ ವಿಷ. ಹೊಸ ಪಿನ್ನಿಗೆ 1.6 ಮಿಲಿಮೀಟರ್ ಹಿತ್ತಾಳೆ ಸರಳು ಹೊಂದುತ್ತದೆ. ತಲೆಯನ್ನು ಸಣ್ಣ ಸುತ್ತಿಗೆಯಿಂದ ಹಗುರವಾಗಿ ಬಡಿಯುತ್ತ, ನಡುನಡುವೆ ಮಡಚಿ ನೋಡಿ, ಅಲಗು ಎರಡೂ ಬದಿಗೆ ತಾಗದೆ ನಡುವೆ ಇಳಿದ ಕೂಡಲೇ ನಿಲ್ಲಿಸಬೇಕು.