ಮುರಕಲ್ಲಿನ ಗುಡ್ಡೆಗೆ ಮೊದಲ ಮೌಂಟನ್ ಬೈಕ್: ಕೆಲವು ಮಳೆಗಾಲ ಓಡಿಸಿದ ಮೇಲೆ

15,000 ರೂಪಾಯಿಯ ಒಳಗಿನ ಮೌಂಟನ್ ಬೈಕ್ ಕಾಸರಗೋಡಿನ ಗುಡ್ಡೆಗಳಲ್ಲಿ ಬಾಳಿಕೆ ಬರುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ: ಬರುತ್ತದೆ. ಆದರೆ ಆ ಹಣ ಬ್ರೇಕು, ಚಕ್ರ ಮತ್ತು ನಿಮ್ಮ ಮೈಗೆ ಸರಿಯಾದ ಫ್ರೇಮಿಗೆ ಹೋಗಿರಬೇಕು. ಶಾಕ್‌ಗೂ ಬಣ್ಣಕ್ಕೂ ಹೋಗಿದ್ದರೆ ಒಂದು ಮಳೆಗಾಲದಲ್ಲೇ ಬೇಸರ ಬರುತ್ತದೆ.

ನನ್ನದು ಅಲ್ಯುಮಿನಿಯಂ ಫ್ರೇಮಿನದು. 27.5 ಇಂಚಿನ ಚಕ್ರ, ಮುಂದೆ ಮಾತ್ರ ಶಾಕ್, ಕೇಬಲ್ ಡಿಸ್ಕ್ ಬ್ರೇಕ್, ಮುಂದೆ ಮೂರು ಹಿಂದೆ ಏಳು ಗೇರಿನ, ಶಿಮಾನೊದವರ ಟೂರ್ನಿ ಎಂಬ ಗೇರ್ ಸೆಟ್. ಸೈಕಲ್ ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಈ ಬೆಲೆಯಲ್ಲಿ ಸ್ಟಿಕರ್ ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಓಡಿಸುವುದು ಪೆರ್ಲ, ಶೇಣಿ, ಬದಿಯಡ್ಕದ ಸುತ್ತ. ಅಡಿಕೆ ತೋಟಗಳ ನಡುವಿನ ಮಣ್ಣಿನ ದಾರಿ, ರಬ್ಬರ್ ತೋಟದ ಸುತ್ತು ರಸ್ತೆ, ಮುಳಿ ಹುಲ್ಲಿನ ಪಾರೆ, ಅಂದರೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಬಂಡೆಬಯಲು. ರಜೆ ಸಿಕ್ಕಿದರೆ ಬಾಯಾರು ಕಡೆಗೆ ಹೋಗಿ ಪೊಸಡಿಗುಂಪೆಯ ಬುಡದವರೆಗೆ. ಆ ಗುಡ್ಡ ಸಾವಿರ ಅಡಿಯ ಆಸುಪಾಸಿನದು, ನಮ್ಮ ಬೇರೆ ಗುಡ್ಡೆಗಳು ಅಷ್ಟೂ ಇಲ್ಲ. ಎತ್ತರ ಕಡಿಮೆಯಾದರೂ ಚಡಾವು (ಏರುದಾರಿ) ಕಡಿದು. ಮನೆಯಿಂದ ಹೊರಟು ಒಂದು ತೋಡಿಗೆ (ಸಣ್ಣ ಹಳ್ಳಕ್ಕೆ) ಇಳಿದು, ಸಂಕ (ಕಾಲುಸೇತುವೆ) ದಾಟಿ, ತಕ್ಷಣ ಏರಬೇಕು. ಸಮತಟ್ಟು ಎಂಬುದು ಪಾರೆಯ ಮೇಲೆ ಮಾತ್ರ. ಸೈಕಲ್ ಆರಿಸುವಾಗ ಈ ನೆಲ ಕಣ್ಣ ಮುಂದೆ ಇರಬೇಕು.

ಶಾಕ್ ವಿಷಯ ಮೊದಲು ಮುಗಿಸುತ್ತೇನೆ. ಹಿಂದೆಯೂ ಸ್ಪ್ರಿಂಗ್ ಇರುವ ಡಬಲ್ ಶಾಕ್ ಸೈಕಲು ಅಂಗಡಿಯಲ್ಲಿ ನೋಡಲು ಗಟ್ಟಿಮುಟ್ಟು. ಪಕ್ಕದ ಮನೆಯ ಹುಡುಗನ ಬಳಿ ಅಂಥದ್ದಿದೆ. ಚಡಾವಿನಲ್ಲಿ ಅವನು ತುಳಿದ ಬಲದ ಒಂದು ಪಾಲು ಆ ಸ್ಪ್ರಿಂಗ್ ಕುಗ್ಗಿಸುವುದಕ್ಕೇ ಹೋಗುತ್ತದೆ, ಮೇಲಿಂದ ಸೈಕಲಿನ ತೂಕ ಬೇರೆ. ಅದರ ಕೀಲು ಸಡಿಲವಾದಾಗ ರಿಪೇರಿಯವರು ಹೇಳಿದ್ದು ಇಷ್ಟೆ: "ಇದನ್ನು ಬಿಚ್ಚಿದರೆ ಹಾಕಲಿಕ್ಕೆ ಸಾಮಾನು ಸಿಗುವುದಿಲ್ಲ ಮಾರಾಯ್ರೆ." ಅಗ್ಗದ ಮುಂದಿನ ಶಾಕ್ ಕೂಡ ಬರಿಯ ಸ್ಪ್ರಿಂಗ್. ಕುಗ್ಗಿದ್ದು ಮೆಲ್ಲಗೆ ವಾಪಸ್ ಬರುವಂತೆ ತಡೆಯುವ ಎಣ್ಣೆಯ ವ್ಯವಸ್ಥೆ ಅದರಲ್ಲಿ ಇರುವುದಿಲ್ಲ. ಸಣ್ಣ ಕಲ್ಲಿಗೆ ಸಾಕು, ಹಾರಿಸಲಿಕ್ಕೆ ಅಲ್ಲ. ಇದೇ ಬೆಲೆಗೆ ಶಾಕ್ ಇಲ್ಲದ ಗಟ್ಟಿ ಫೋರ್ಕ್ ಮತ್ತು ಅಗಲ ಟಯರಿನ ಸೈಕಲ್ ಸಿಕ್ಕಿದರೆ ನಾನು ಅದನ್ನೇ ಆರಿಸಲು ಹೇಳುತ್ತೇನೆ.

ಈಗ ಬ್ರೇಕ್. ನಾನು ಹೆಚ್ಚು ಬರೆಯಬೇಕಾದ್ದು ಇದರ ಬಗ್ಗೆಯೇ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲುಗಳನ್ನು ಗುಡ್ಡದ ಮಣ್ಣಿನ ದಾರಿಯಲ್ಲಿ ಇಳಿಸಲು ಶುರುಮಾಡಿದಾಗ, ಹಿಂದಿನ ಚಕ್ರದ ನಡುವಿನ ಹಬ್‌ನೊಳಗಿನ ಬ್ರೇಕ್ ಎಷ್ಟು ಕಾಯುತ್ತಿತ್ತೆಂದರೆ ಗ್ರೀಸ್ ಹೊಗೆಯಾಗಿ ಹೋಗಿ, ಒಂದು ಇಳಿತ ಮುಗಿದ ಮೇಲೆ ಹೊಸದಾಗಿ ತುಂಬಬೇಕಾಗುತ್ತಿತ್ತು. ಮೌಂಟನ್ ಬೈಕಿನ ಬೆಳವಣಿಗೆಯಲ್ಲಿ ಬ್ರೇಕಿನ ಪಾಲು ದೊಡ್ಡದು, ನಮ್ಮ ಇಳಿಜಾರುಗಳಲ್ಲಿ ಅದು ದಿನವೂ ಅನುಭವಕ್ಕೆ ಬರುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಮುರಕಲ್ಲಿನ ಕೆಂಪು ಕೆಸರು ಸಾಣೆಕಲ್ಲಿನ ಹಾಗೆ ಕೆಲಸ ಮಾಡುತ್ತದೆ. ರಬ್ಬರ್ ಕಟ್ಟೆ ರಿಮ್ಮನ್ನೇ ಹಿಡಿಯುವ ವಿ-ಬ್ರೇಕ್ ಆದರೆ ಕಟ್ಟೆಯ ಜೊತೆ ರಿಮ್ಮೂ ಸವೆಯುತ್ತದೆ. ಡಿಸ್ಕ್‌ನಲ್ಲಿ ಸವೆಯುವುದು ಪ್ಯಾಡು ಮತ್ತು ತಟ್ಟೆ. ಅವನ್ನು ಬದಲಿಸಬಹುದು, ಚಕ್ರ ಉಳಿಯುತ್ತದೆ. ಹಾಗಾಗಿ ನಮ್ಮ ಊರಿಗೆ ಡಿಸ್ಕ್ ಬ್ರೇಕ್ ಬೇಕೇ ಬೇಕು ಎಂದು ಖಚಿತವಾಗಿ ಹೇಳುತ್ತೇನೆ.

ಆದರೆ ಕೇಬಲ್ ಡಿಸ್ಕ್ ತಾನಾಗಿ ಸರಿಹೊಂದಿಕೊಳ್ಳುವುದಿಲ್ಲ. ಈ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ಹೊರಬದಿಯ ಪ್ಯಾಡ್ ಒಂದೇ ಚಲಿಸಿ ತಟ್ಟೆಯನ್ನು ಒಳಬದಿಯ ಪ್ಯಾಡಿಗೆ ಒತ್ತುತ್ತದೆ. ಸವೆದಂತೆ ಒಳಬದಿಯ ತಿರುಪನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಹತ್ತಿರ ತರಬೇಕು. ಮಳೆಗಾಲದಲ್ಲಿ ಇದು ವಾರದ ಕೆಲಸ. ಪ್ಯಾಡ್ ಕೊಳ್ಳುವಾಗ ಮೊದಲು ತಟ್ಟೆಯ ಮೇಲಿನ ಬರಹ ಓದಿ. ರೆಸಿನ್ ಪ್ಯಾಡ್‌ಗೆ ಮಾತ್ರ ಎಂದಿದ್ದರೆ ಲೋಹದ ಪ್ಯಾಡ್ ಹಾಕಬಾರದು. ಹಾಗೆ ಬರೆದಿರದಿದ್ದರೆ ಮಳೆಗೆ ಲೋಹದ್ದೇ ಹೆಚ್ಚು ಬಾಳುತ್ತದೆ. ಚೈನಿಗೆ ಎಣ್ಣೆ ಬಿಡುವಾಗ ಸ್ಪ್ರೇ ಬೇಡ. ಒಂದು ಹನಿ ತಟ್ಟೆಗೆ ಹಾರಿದರೆ ಪ್ಯಾಡ್ ಎಣ್ಣೆ ಕುಡಿದು ಬ್ರೇಕ್ ಹಿಡಿಯುವುದಿಲ್ಲ.

ಗೇರಿನ ವಿಷಯದಲ್ಲಿ ಅಂಗಡಿಯವರು 21 ಗೇರ್, 24 ಗೇರ್ ಎಂದು ಒಟ್ಟು ಲೆಕ್ಕ ಹೇಳುತ್ತಾರೆ. ನೀವು ಕೇಳಬೇಕಾದ್ದು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು ಎಂದು. ಮುಂದೆ ಚಿಕ್ಕದು 24 ಹಲ್ಲು, ಹಿಂದೆ ದೊಡ್ಡದು 28 ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲು ಸುಮಾರು 1.85 ಮೀಟರ್ ಸಾಗುತ್ತದೆ. ಹಿಂದೆ 34 ಇದ್ದರೆ ಸುಮಾರು ಒಂದೂವರೆ ಮೀಟರ್. ಅಂಕಿಯಲ್ಲಿ ಸಣ್ಣ ವ್ಯತ್ಯಾಸ, ಆದರೆ ತೋಡಿನಿಂದ ಮೇಲೆ ಬರುವ ಕಾಂಕ್ರೀಟ್ ಚಡಾವಿನಲ್ಲಿ ತುಳಿದು ಹತ್ತುವುದೋ ಇಳಿದು ತಳ್ಳುವುದೋ ಎಂಬುದನ್ನು ಅದೇ ನಿರ್ಧರಿಸುತ್ತದೆ. ನನ್ನದರಲ್ಲಿ 34 ಇದೆ, ಹೊಸಬರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ. ಹಲ್ಲುಚಕ್ರಗಳನ್ನು ಜಾರಿಸಿ ಕೂರಿಸುವ, ಎಂಟು ಗೇರಿನ ಕ್ಯಾಸೆಟ್ ಹಬ್ ನಿಮ್ಮ ಬಜೆಟ್ಟಿಗೆ ಬಂದರೆ ಇನ್ನೂ ಒಳ್ಳೆಯದು. ಹಲ್ಲುಚಕ್ರಗಳ ಗುಂಪನ್ನು ತಿರುಪಿನಂತೆ ಬಿಗಿಯುವ ಏಳು ಗೇರಿನ ಫ್ರೀವೀಲ್ ಹಬ್‌ನಲ್ಲಿ ಬಲಬದಿಯ ಬೇರಿಂಗ್ ಒಳಗೆ ಉಳಿದು ಆಕ್ಸಲಿಗೆ ಆಧಾರ ಕಡಿಮೆ, ತೂಕದವರು ಗುಂಡಿಗೆ ಹಾಕಿದರೆ ಅದು ಬಾಗಬಹುದು. ಟೂರ್ನಿಯ ಗೇರುಗಳಂತೂ ನನಗೆ ತೃಪ್ತಿ ಕೊಟ್ಟಿವೆ. ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಸಣ್ಣ ಪೇಟೆಯ ರಿಪೇರಿಯವರಿಗೂ ಗೊತ್ತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಹಿಡಿದಿಡುವ ಹ್ಯಾಂಗರ್ ಮಾತ್ರ ಫ್ರೇಮಿನಿಂದ ಫ್ರೇಮಿಗೆ ಬೇರೆ, ಸೈಕಲ್ ಕೊಳ್ಳುವ ದಿನವೇ ಒಂದು ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ.

ಟಯರಿಗೆ ಗಾಳಿ ತುಂಬುವವರು ಕಲ್ಲಿನಷ್ಟು ಗಟ್ಟಿ ಮಾಡಿ ಕೊಡುತ್ತಾರೆ. 2.1 ಇಂಚಿನ ಟಯರಿಗೆ ಮಧ್ಯಮ ತೂಕದವರಿಗೆ 30ರಿಂದ 35 ಪಿಎಸ್‌ಐ ಸಾಕು. ಹಿಡಿತವೂ ಸಿಗುತ್ತದೆ, ಕೈಯೂ ನೋಯುವುದಿಲ್ಲ. ಕಾರಿನ ಟಯರಿಗೆ ಇರುವಂಥ ವಾಲ್ವಿನ ಟ್ಯೂಬ್ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ತುಂಬಿಸಬಹುದು. ಪಾಚಿ ಕಟ್ಟಿದ ಪಾರೆಯ ಮೇಲೆ ಮಾತ್ರ ಯಾವ ಟಯರೂ ನಿಲ್ಲುವುದಿಲ್ಲ, ಅಲ್ಲಿ ಇಳಿದು ನಡೆಯಿರಿ.

ಅಳತೆ: ಎರಡು ಕಾಲಿನ ನಡುವೆ ಸೈಕಲು ಇಟ್ಟು ನಿಂತಾಗ ಮೇಲಿನ ಪೈಪಿಗೂ ಮೈಗೂ ಕನಿಷ್ಠ ಎರಡು ಇಂಚು ಅಂತರ ಇರಬೇಕು. ಬೆಳೆಯುವ ಮಕ್ಕಳಿಗೆಂದು ದೊಡ್ಡ ಫ್ರೇಮ್ ತೆಗೆದುಕೊಡುವ ಅಪ್ಪಂದಿರಿಗೆ ನನ್ನ ವಿನಂತಿ, ಗುಡ್ಡದ ಇಳಿಜಾರಿನಲ್ಲಿ ಕಾಲು ನೆಲಕ್ಕೆ ತಾಗದಿದ್ದರೆ ಮಗು ಬೀಳುತ್ತದೆ.

ತುಕ್ಕು ನಮ್ಮ ಕರಾವಳಿಯ ದೊಡ್ಡ ಖರ್ಚು. ಅಲ್ಯುಮಿನಿಯಂ ಫ್ರೇಮಿಗೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಹಿಡಿಯುವುದು ಚೈನು, ಕೇಬಲ್, ಬೋಲ್ಟುಗಳಿಗೆ. ಕೆಸರಿನಿಂದ ಬಂದ ತಕ್ಷಣ ಬಕೆಟ್ ನೀರು ಮೆಲ್ಲಗೆ ಹೊಯ್ದು ತೊಳೆಯುತ್ತೇನೆ. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ಬೇರಿಂಗ್ ಒಳಗೆ ಹೋಗುತ್ತದೆ, ಅದು ಬೇಡ. ಒರೆಸಿ, ಚೈನಿನ ಗೆಣ್ಣಿಗೊಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ತೆಗೆಯಬೇಕು. ಇಷ್ಟು ದಿನದಲ್ಲಿ ನಾನು ಬದಲಿಸಿದ್ದು ಬ್ರೇಕ್ ಪ್ಯಾಡು, ಗೇರ್ ಕೇಬಲು, ಚೈನು ಮತ್ತು ಪೆಡಲಿನ ನಡುವಿನ ಬೇರಿಂಗ್. ಬೇರಿಂಗ್ ಬದಲಿಸುವಾಗ ಬಿಡಿ ಗುಂಡುಗಳದ್ದರ ಬದಲು ಮುಚ್ಚಿದ ಕಾರ್ಟ್ರಿಜ್ ಹಾಕಿಸಿದೆ. ಆಮೇಲೆ ಮಳೆಯಲ್ಲೂ ಕರಕರ ಸದ್ದಿಲ್ಲ.

ಆನ್‌ಲೈನ್‌ನಲ್ಲಿ ತರಿಸಿದರೆ ಸೈಕಲು ಅರೆಬರೆ ಜೋಡಿಸಿದ ಸ್ಥಿತಿಯಲ್ಲಿ ಪೆಟ್ಟಿಗೆಯಲ್ಲಿ ಬರುತ್ತದೆ. ಮಂಗಳೂರು ಅಥವಾ ಕಾಸರಗೋಡು ಪೇಟೆಗೆ ಹೋಗಿ, ಕೂತು ನೋಡಿ, ಅಂಗಡಿಯಲ್ಲೇ ಜೋಡಿಸಿ ತರುವುದನ್ನು ನಾನು ಮೆಚ್ಚುತ್ತೇನೆ. ಹೊಸ ಚಕ್ರದ ಕಡ್ಡಿಗಳು ಮೊದಲ ಕೆಲವು ವಾರಗಳಲ್ಲಿ ಸಡಿಲವಾಗುತ್ತವೆ, ಆಗ ಒಮ್ಮೆ ಬಿಗಿ ಮಾಡಿಸಿದರೆ ರಿಮ್ಮು ಸೊಟ್ಟಗಾಗುವುದು ತಪ್ಪುತ್ತದೆ. ಹೆಲ್ಮೆಟ್ ಮತ್ತು ಹಿಂದಿನ ಕೆಂಪು ಲೈಟಿನ ಹಣವನ್ನು ಸೈಕಲಿನ ಬಜೆಟ್ಟಿನಿಂದ ಮೊದಲೇ ತೆಗೆದಿಡಿ. ಮನೆಯಲ್ಲೇ ಜೋಡಿಸುವವರು ಎರಡು ವಿಷಯ ನೋಡಿಕೊಳ್ಳಿ: ಮುಂದಿನ ಡಿಸ್ಕ್ ತಟ್ಟೆ ಕೂತವರ ಎಡಬದಿಗೆ ಬರಬೇಕು, ಬಲಕ್ಕೆ ಬಂದಿದ್ದರೆ ಫೋರ್ಕ್ ತಿರುವುಮುರುವಾಗಿದೆ. ಎಡ ಪೆಡಲಿನ ಥ್ರೆಡ್ ಉಲ್ಟಾ, ಅದು ಬಿಗಿಯಾಗುವುದು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿದಾಗ.