ತಾಯ್ ಚಿ ತತ್ವ ಮೈಗೆ ಹತ್ತಲು ಯಾವ ದಾರಿ? ನಾನು ಮಾಡಿ ನೋಡಿದ ನಾಲ್ಕು

ನಿಧಾನ ಚಲನೆಗಳ ಚೀನೀ ಸಮರಕಲೆ ತಾಯ್ ಚಿಯಲ್ಲಿ ಯಾಂಗ್ ಶೈಲಿ ಒಳ್ಳೆಯದಾ, ಚೆನ್ ಶೈಲಿ ಒಳ್ಳೆಯದಾ ಎಂದು ಜನ ಕೇಳುತ್ತಲೇ ಇರುತ್ತಾರೆ. ನಾನು ಹೋಲಿಸಿದ್ದು ಶೈಲಿಗಳನ್ನಲ್ಲ, ಕಲಿಯುವ ದಾರಿಗಳನ್ನು. ಕೈ ಎಲ್ಲಿಗೆ ಹೋಗಬೇಕು, ಕಾಲು ಎಲ್ಲಿಡಬೇಕು ಎಂಬುದನ್ನು ವಿಡಿಯೊ ನೋಡಿಯೂ ಕಲಿಯಬಹುದು. ಅದರ ಹಿಂದಿನ ನಿಯಮಗಳು ಮೈಗೆ ಹತ್ತುವುದು ಹೇಗೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ನಿಯಮಗಳಿಗೇನೂ ಕೊರತೆಯಿಲ್ಲ. ಯಾಂಗ್ ಶೈಲಿಯ ಗುರು ಯಾಂಗ್ ಚೆಂಗ್‌ಫು (1883–1936) ಹತ್ತು ಸೂತ್ರಗಳನ್ನು ಹೇಳಿದರು, ಶಿಷ್ಯ ಚೆನ್ ವೇಮಿಂಗ್ ಬರೆದುಕೊಂಡರು. ಇವತ್ತಿಗೂ ಹೆಚ್ಚಿನ ತರಗತಿಗಳಲ್ಲಿ ಅವನ್ನೇ ಹೇಳಿಕೊಡುತ್ತಾರೆ. ಅವುಗಳಲ್ಲಿ ನಾಲ್ಕನ್ನು ನಾನು ಅಳತೆಗೋಲು ಮಾಡಿಕೊಂಡೆ. ಭುಜ, ಮೊಣಕೈ ಕೆಳಗಿಳಿದಿರಬೇಕು. ಸೊಂಟ ಸಡಿಲವಾಗಿರಬೇಕು, ಚಲನೆ ಅಲ್ಲಿಂದ ಹೊರಡಬೇಕು. ಭಾರ ಯಾವ ಕಾಲಿನಲ್ಲಿದೆ ಎಂಬುದು ಸ್ಪಷ್ಟವಾಗಿರಬೇಕು. ತೋಳಿನ ಬಲ ಹಾಕದೆ ಮನಸ್ಸಿನಿಂದ ನಡೆಸಬೇಕು. ಓದಲು ಎಷ್ಟು ಸುಲಭ, ಅಲ್ವಾ?

ಸಿಂಗಪುರದಲ್ಲಿ ಇರುವುದರಿಂದ ನನಗೆ ಆಯ್ಕೆಗೆ ಬರವಿರಲಿಲ್ಲ. ಮೊದಲ ದಾರಿ ಪಾರ್ಕಿನ ಗುಂಪು. ಬೆಳಗಾದರೆ ಪಾರ್ಕುಗಳಲ್ಲಿ, ಫ್ಲ್ಯಾಟ್ ಬ್ಲಾಕುಗಳ ಕೆಳಗಿನ ತೆರೆದ ಜಾಗದಲ್ಲಿ ಒಂದಲ್ಲ ಒಂದು ಗುಂಪು ಸಿಗುತ್ತದೆ. ಒಂದೇ ಬಣ್ಣದ ಟೀ ಶರ್ಟ್ ಹಾಕಿದ ಆಂಟಿ, ಅಂಕಲ್‌ಗಳು, ಒಂದು ಪುಟ್ಟ ಸ್ಪೀಕರ್, ಅದರಲ್ಲಿ ಸಂಗೀತ. ಅಲ್ಲಿ ಸಾಮಾನ್ಯವಾಗಿ ಮಾಡುವುದು 24ರ ವರಸೆ, ಅಂದರೆ ಒಂದರ ಹಿಂದೊಂದು ಬರುವ 24 ಭಂಗಿಗಳ ಸರಣಿ. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯನ್ನು ಸರಳ ಮಾಡಿ, ಎಲ್ಲರಿಗೂ ಎಟುಕುವಂತೆ ಜೋಡಿಸಿದ ವರಸೆ ಅದು. ಹಳೆಯ ಉದ್ದದ ವರಸೆಗೆ ಇಪ್ಪತ್ತು ನಿಮಿಷ ಬೇಕು. ಇದು ಐದಾರು ನಿಮಿಷದಲ್ಲಿ ಮುಗಿಯುತ್ತದೆ.

24ರ ವರಸೆಯಲ್ಲಿ ಚೆನ್ನಾಗಿ ಸಿಗುವುದು ಭಾರದ ಲೆಕ್ಕ. 'ಕಾಡುಕುದುರೆಯ ಜೂಲು ಬಿಡಿಸುವುದು' ಎಂಬ ಭಂಗಿ ಶುರುವಿನಲ್ಲೇ ಮೂರು ಸಲ ಬರುತ್ತದೆ. ಹಿಂದಿನ ಕಾಲಿಗೆ ಕೂರಬೇಕು, ಮುಂಪಾದ ಹೊರಗೆ ತಿರುಗಿಸಬೇಕು, ಭಾರ ದಾಟಿಸಬೇಕು, ಆಮೇಲೆ ಹೆಜ್ಜೆ. ಒಂದು ಬಿಂದಿಗೆಯ ನೀರನ್ನು ತುಳುಕಿಸದೆ ಇನ್ನೊಂದಕ್ಕೆ ಸುರಿದ ಹಾಗೆ ಇರಬೇಕು ಅದು. ಅವಸರ ಮಾಡಿದರೆ ಮೈ ವಾಲುತ್ತದೆ. ಎರಡೂ ಪಾದ ಒಂದೇ ಗೆರೆಯ ಮೇಲೆ ಇಟ್ಟರೂ ಅಷ್ಟೇ. ಹಿಮ್ಮಡಿಗಳ ಮಧ್ಯೆ ಅಡ್ಡಕ್ಕೆ ಸ್ವಲ್ಪ ಜಾಗ ಬಿಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಆದರೆ ಉಳಿದ ಮೂರು ನಿಯಮ? ಗುಂಪಿನಲ್ಲಿ ಕಣ್ಣು ಯಾವಾಗಲೂ ಮುಂದಿನವರ ಕೈ ಮೇಲಿರುತ್ತದೆ. ಮುಂದೇನು ಎಂಬ ಯೋಚನೆಯಲ್ಲಿ ಭುಜ ಏರಿದ್ದು ಗೊತ್ತೇ ಆಗುವುದಿಲ್ಲ. ಎಷ್ಟೋ ವರ್ಷದಿಂದ ಬರುತ್ತಿದ್ದವರ 'ಮೋಡದ ಕೈ' ಭಂಗಿ ನೋಡಿದ್ದೇನೆ. ಕೈ ಚೆಂದವಾಗಿ ತೇಲುತ್ತದೆ, ಸೊಂಟ ಮಾತ್ರ ಅಲ್ಲೇ ನಿಂತಿರುತ್ತದೆ. ಯಾರೂ ತಿದ್ದುವುದಿಲ್ಲ. ತಿದ್ದಿಸಿಕೊಳ್ಳಲು ಅವರು ಬಂದೂ ಇಲ್ಲ. ಬೆಳಗಿನ ಗಾಳಿ, ಒಂದಿಷ್ಟು ಮಾತು, ಆಮೇಲೆ ಕಾಫಿ. ಅದಕ್ಕೆ ನನ್ನ ತಕರಾರೇನೂ ಇಲ್ಲ.

ಎರಡನೆಯದು ಜಾನ್ ಜುವಾಂಗ್, ಅಂದರೆ ಸುಮ್ನೆ ನಿಲ್ಲುವುದು. ಮಂಡಿ ತುಸು ಬಗ್ಗಿಸಿ, ದೊಡ್ಡ ಮರವನ್ನು ತಬ್ಬಿದಂತೆ ಕೈ ಎದೆಯ ಮಟ್ಟಕ್ಕೆ ಎತ್ತಿ ನಿಲ್ಲಬೇಕು. ಇದನ್ನೇ ತಮ್ಮ ಕಲಿಕೆಯ ಬೇರು ಮಾಡಿಕೊಂಡವರು ಯಿಚುವಾನ್ ಎಂಬ ಚೀನೀ ಸಮರಕಲೆ ಕಟ್ಟಿದ ವಾಂಗ್ ಶಿಯಾಂಗ್‌ಜಾಯ್ (1885–1963). ತಾಯ್ ಚಿ ಗುರುಗಳಲ್ಲೂ ತುಂಬ ಜನ ಶಿಷ್ಯರನ್ನು ಹೀಗೆ ನಿಲ್ಲಿಸುತ್ತಾರೆ.

ಇದಕ್ಕೆ ಜಾಗ ಬೇಡ, ಜೊತೆ ಬೇಡ. ನೆನಪಿಡಲು ಏನೂ ಇಲ್ಲದ್ದರಿಂದ ಮೈಯ ಕಡೆ ಗಮನ ಹೋಗಲೇಬೇಕು. ಐದು ನಿಮಿಷ ಆಗುವಷ್ಟರಲ್ಲಿ ತೊಡೆ ನಡುಗುತ್ತದೆ, ಭುಜ ಉರಿಯುತ್ತದೆ. ಆ ಉರಿಯೇ ಪಾಠ. ಕೈಯನ್ನು ಭುಜದ ಬಲದಿಂದ ಎತ್ತಿ ಹಿಡಿದಿದ್ದೇನೆ ಎಂಬುದು ಆಗ ಗೊತ್ತಾಗುತ್ತದೆ. ಭುಜ ಇಳಿಸಿದರೆ ನಿಲ್ಲಬಹುದು, ಇಲ್ಲದಿದ್ದರೆ ಆಗುವುದಿಲ್ಲ. ಭುಜದ ನಿಯಮ ಕಲಿಯಲು ಇಷ್ಟು ನೇರವಾದ ದಾರಿ ನನಗೆ ಬೇರೆ ಸಿಕ್ಕಿಲ್ಲ. ಯೋಗ ಮಾಡಿ ಅಭ್ಯಾಸ ಇದ್ದವರು ಇಲ್ಲಿ ಕೀಲುಗಳನ್ನು ಪೂರ್ತಿ ಚಾಚಲು ಹೋಗುತ್ತಾರೆ. ಅದು ಬೇಡ. ಮಂಡಿ, ಮೊಣಕೈ ಎರಡೂ ಕೊಂಚ ಬಾಗಿಯೇ ಇರಬೇಕು.

ಭಾರ ದಾಟಿಸುವುದು, ಸೊಂಟದಿಂದ ತಿರುಗುವುದು ಮಾತ್ರ ಇದರಲ್ಲಿ ಬರುವುದಿಲ್ಲ. ಬೇಸರವೂ ಬರುತ್ತದೆ, ಅದನ್ನು ಮುಚ್ಚಿಡುವುದು ಬೇಡ.

ಸೊಂಟಕ್ಕೆ ಮೂರನೆಯ ದಾರಿ, ಚೆನ್ ಶೈಲಿಯ 'ರೇಷ್ಮೆ ಸುತ್ತುವ' ಅಭ್ಯಾಸವೇ ಸರಿ. ಚೀನಾದ ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೋ ಎಂಬ ಹಳ್ಳಿ ಈ ಶೈಲಿಯ ತವರು. ಯಾಂಗ್ ಶೈಲಿ ಹುಟ್ಟುಹಾಕಿದ ಯಾಂಗ್ ಲೂಚಾನ್ ಕಲಿತದ್ದೂ ಅಲ್ಲೇ. ಒಂದೇ ಕೈಯಿಂದ ನಿಧಾನವಾಗಿ ವೃತ್ತ ಬರೆಯುತ್ತಾ ಹೋಗಬೇಕು. ಮೊದಲು ಸೊಂಟ ತಿರುಗುತ್ತದೆ, ಆಮೇಲೆ ಮೊಣಕೈ, ಕೊನೆಗೆ ಅಂಗೈ. ಅದೇ ವೃತ್ತ, ಮತ್ತೆ ಮತ್ತೆ. ಸೊಂಟ ನಿಂತರೆ ಕೈಯೂ ನಿಲ್ಲಬೇಕು ಎಂಬ ಒಂದೇ ಷರತ್ತು. ಯಾಂಗ್ ಶೈಲಿಯಲ್ಲಿ ಒಳಗೆ ಅಡಗಿರುವ ಸುತ್ತು ಇಲ್ಲಿ ಕಣ್ಣಿಗೇ ಕಾಣುತ್ತದೆ. ಹಾಗಾಗಿ ಹೊಸಬರಿಗೂ ಅರ್ಥವಾಗುತ್ತದೆ. ಇದಾದ ಮೇಲೆ ಬರುವ ಚೆನ್ ವರಸೆಗಳು ಬೇರೆ ಮಾತು. ನೆಲಕ್ಕೆ ಹತ್ತಿರದ ನಿಲುವು, ಕಾಲು ಅಪ್ಪಳಿಸುವುದು, ತಟ್ಟನೆ ಚಿಮ್ಮುವ ಹೊಡೆತ. ನೋಡಲು ಭರ್ಜರಿ, ಆದರೆ ಮಂಡಿ ನೋವಿರುವವರಿಗೆ ನಾನು ಹೇಳುವುದಿಲ್ಲ. ಯಾವ ಶೈಲಿಯಾದರೂ ಸರಿ, ಮಂಡಿ ಪಾದದ ಬೆರಳುಗಳ ದಿಕ್ಕಿಗೇ ಬಾಗಬೇಕು. ಒಳಕ್ಕೆ ಕುಸಿಯಬಾರದು.

ಈಗ ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಇಬ್ಬರು ಎದುರುಬದುರು ನಿಂತು ಆಡುವ ಕೈ ತಳ್ಳಾಟ. ನಾನು ಹೋದದ್ದು ಹುವಾಂಗ್ ಶಿಂಗ್‌ಶ್ಯೆನ್ (1910–1992) ಅವರ ಪರಂಪರೆಯ ಒಂದು ತರಗತಿಗೆ. ಅವರು ತೈವಾನಿನಲ್ಲಿ ಚೆಂಗ್ ಮಾನ್‌ಚಿಂಗ್ ಅವರಿಂದ ಕಲಿತು, ಮುಂದೆ ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಕಲಿಸಿದವರು. ಯಾಂಗ್ ಚೆಂಗ್‌ಫು ಶಿಷ್ಯರಾದ ಚೆಂಗ್ ಉದ್ದದ ವರಸೆಯನ್ನು 37 ಭಂಗಿಗಳಿಗೆ ಇಳಿಸಿದ್ದರು. ಹುವಾಂಗ್ ಅದಕ್ಕೆ ಮೈ ಸಡಿಲಿಸುವ ಐದು ಅಭ್ಯಾಸಗಳನ್ನು ಸೇರಿಸಿದರು. ತರಗತಿ ಅವುಗಳಿಂದಲೇ ಶುರು. ಸೊಂಟ ತಿರುಗಿಸುತ್ತಾ ಕೈಗಳನ್ನು ಬಿಟ್ಟುಬಿಡುವುದು, ಮೈಯ ಭಾರವನ್ನು ಪಾದದವರೆಗೆ ಇಳಿಯಬಿಡುವುದು. ಲಾವ್‌ಶಿ, ಅಂದರೆ ನಮ್ಮ ಗುರುಗಳು, 'ಸೋಂಗ್, ಸೋಂಗ್' ಎನ್ನುತ್ತಾ ಸಾಲಿನ ಮಧ್ಯೆ ಓಡಾಡುತ್ತಾರೆ. ಅವರ ಮ್ಯಾಂಡರಿನ್‌ನಲ್ಲಿ ನನಗೆ ಗೊತ್ತಿದ್ದದ್ದು ಆ ಒಂದೇ ಪದ: ಸಡಿಲ ಬಿಡಿ. ಅದು ಸಾಕಾಯಿತು ಕೂಡ.

ಆಮೇಲೆ ಜೋಡಿ. ಮೊದಲು ಒಂಟಿ ಕೈ. ಇಬ್ಬರೂ ಒಂದೊಂದು ಕಾಲು ಮುಂದಿಟ್ಟು, ಮಣಿಕಟ್ಟಿನ ಹೊರಬದಿ ತಾಗಿಸಿ ನಿಲ್ಲುತ್ತಾರೆ. ಒಬ್ಬರು ಎದೆಯ ಕಡೆಗೆ ಮೆಲ್ಲಗೆ ತಳ್ಳುತ್ತಾರೆ. ಇನ್ನೊಬ್ಬರು ಹಿಂದಿನ ಕಾಲಿಗೆ ಕೂತು, ಸೊಂಟ ತಿರುಗಿಸಿ, ಆ ತಳ್ಳುವಿಕೆಯನ್ನು ಪಕ್ಕಕ್ಕೆ ದಾಟಿಸುತ್ತಾರೆ. ಮತ್ತೆ ಇವರ ಸರದಿ. ಪಾದ ಕದಲಬಾರದು. ಅಷ್ಟೇ ಆಟ.

ನನಗೆ ಸಿಕ್ಕ ಜೊತೆ ಎಪ್ಪತ್ತು ದಾಟಿದ ಒಬ್ಬ ಆಂಟಿ, ನನ್ನ ಭುಜದಷ್ಟೆತ್ತರ. ನನ್ನ ಭುಜ ಬಿಗಿಯಾಗುವುದು ನನಗಿಂತ ಮೊದಲು ಅವರ ಮಣಿಕಟ್ಟಿಗೆ ಗೊತ್ತಾಗುತ್ತಿತ್ತು. ಬಿಗಿಯಾದ ಭುಜವೆಂದರೆ ಅವರಿಗೆ ಹಿಡಿಕೆ ಕೊಟ್ಟಂತೆ. ಅದನ್ನು ಇಷ್ಟೇ ಇಷ್ಟು ಒತ್ತಿದರೆ ನಾನು ಹಿಂದಕ್ಕೆ ನಡೆದು ಹೋಗುತ್ತಿದ್ದೆ. ಸರಿ, ಸಡಿಲ ಬಿಡೋಣ ಎಂದು ಕೈಯನ್ನು ಜೋತುಬಿಟ್ಟರೆ ಅದು ನನ್ನ ಎದೆಗೇ ಅಂಟಿಕೊಳ್ಳುತ್ತಿತ್ತು, ತಿರುಗಲು ಜಾಗವೇ ಇರುತ್ತಿರಲಿಲ್ಲ. ಬಿಗಿಗೂ ಜೋಲಿಗೂ ನಡುವೆ ತೋಳು ಉಬ್ಬಿಕೊಂಡು, ಬಾಗಿಕೊಂಡು ಇರಬೇಕಾದ ಒಂದು ಹದ ಇದೆ. ಅದನ್ನೇ ಪೆಂಗ್ ಎನ್ನುತ್ತಾರೆ. ಪಾರ್ಕಿನಲ್ಲಿ ಈ ಪದ ಎಷ್ಟೋ ಸಲ ಕೇಳಿದ್ದೆ. ಎದುರಿನವರ ಒತ್ತಡ ಇಲ್ಲದೆ ಆ ಹದ ಸಿಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಎರಡು ಕೈಯ ಆಟದಲ್ಲಿ ಪೆಂಗ್, ಲ್ಯೂ, ಜಿ, ಆನ್ ಎಂಬ ನಾಲ್ಕು ಬಲಗಳು ಸರದಿಯಂತೆ ಬರುತ್ತವೆ: ತುಂಬಿ ತಡೆಯುವುದು, ಹಿಂದಕ್ಕೆ ಬರಮಾಡಿಕೊಳ್ಳುವುದು, ಒತ್ತುವುದು, ತಳ್ಳುವುದು. 24ರ ವರಸೆಯಲ್ಲಿ 'ಗುಬ್ಬಿಯ ಬಾಲ ಹಿಡಿಯುವುದು' ಎಂದು ಮಾಡುತ್ತೇವಲ್ಲ, ಅದರಲ್ಲಿ ಈ ನಾಲ್ಕೂ ಇದೇ ಕ್ರಮದಲ್ಲಿವೆ. ತಳ್ಳಾಟ ಆಡಿದ ಮೇಲೆ ಆ ಭಂಗಿಯಲ್ಲಿ ಕೈ ಯಾಕೆ ಹಿಂದಕ್ಕೆ ಬರುತ್ತದೆ, ಯಾರ ತೋಳು ಅಲ್ಲಿರಬೇಕು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ತಳ್ಳಾಟದ ತೊಂದರೆಗಳೂ ಸಣ್ಣವಲ್ಲ. ಜೊತೆ ಇಲ್ಲದಿದ್ದರೆ ಅಭ್ಯಾಸವೇ ಇಲ್ಲ. ಗಟ್ಟಿಮುಟ್ಟಾದ ಹುಡುಗರಿಬ್ಬರು ಸೇರಿದರೆ ಎರಡೇ ನಿಮಿಷದಲ್ಲಿ ಗರಡಿಮನೆಯ ಪಟ್ಟು ಶುರುವಾಗುತ್ತದೆ. ಗೆದ್ದವನಿಗೆ ಖುಷಿ, ಕಲಿತದ್ದು ಸೊನ್ನೆ. ತಡೆಯುವ ಗುರು ಇರಲೇಬೇಕು. ಇನ್ನು ಕೆಲವು ತರಗತಿಗಳಲ್ಲಿ ವರಸೆ ಪೂರ್ತಿ ಬರಲಿ, ಆಮೇಲೆ ನೋಡೋಣ ಎಂದು ವರ್ಷಗಟ್ಟಲೆ ಕಾಯಿಸುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಬಿಗಿಯಾದ ಭುಜದಲ್ಲೇ ವರಸೆ ಗಟ್ಟಿಯಾಗಿಬಿಟ್ಟರೆ ಆಮೇಲೆ ಬಿಚ್ಚುವುದು ಕಷ್ಟ. ಒಂಟಿ ಕೈಯ ಆಟವನ್ನು ಮೊದಲ ತಿಂಗಳುಗಳಲ್ಲೇ ತೋರಿಸಬಹುದು.

ನಾನೀಗ ಇಟ್ಟುಕೊಂಡಿರುವುದು ಎರಡು: ಮನೆಯಲ್ಲಿ ನಿಲ್ಲುವುದು, ತರಗತಿಯಲ್ಲಿ ತಳ್ಳಾಟ. ಪಾರ್ಕಿಗೆ ಆಗಾಗ ಹೋಗುತ್ತೇನೆ, ಜನರಿಗಾಗಿ. ರೇಷ್ಮೆ ಸುತ್ತುವುದನ್ನು ಮೈ ಬಿಸಿ ಮಾಡಿಕೊಳ್ಳಲು ಬಳಸುತ್ತೇನೆ. ಸಮಯ ಕಡಿಮೆ ಇರುವವರು, ಬರೀ ನಡಿಗೆ ಗಟ್ಟಿಯಾಗಲಿ ಎನ್ನುವವರು 24ರ ವರಸೆ ಕಲಿತರೆ ಧಾರಾಳ ಸಾಕು.

ಮೈಸೂರಿನಲ್ಲಿರುವ ಅಕ್ಕ ತನ್ನ ಬಡಾವಣೆಯ ಹತ್ತಿರ ಗುರುಗಳು ಯಾರೂ ಇಲ್ಲ ಎಂದಳು. ದಿನಾ ಐದು ನಿಮಿಷ ನಿಲ್ಲು, 'ಮೋಡದ ಕೈ' ಒಂದನ್ನೇ ನಿಧಾನವಾಗಿ ಮಾಡು, ಸಂಜೆ ಭಾವನ ಜೊತೆ ಒಂಟಿ ಕೈ ತಳ್ಳಾಟ ಆಡು ಎಂದೆ. ಆಟ ವಿಡಿಯೊ ಕಾಲ್‌ನಲ್ಲಿ ತೋರಿಸಿಕೊಟ್ಟೆ. ಭಾವ ಸಿಕ್ಕಾಪಟ್ಟೆ ಬಲ ಹಾಕುತ್ತಾರೆ ಎಂದು ಈಗ ದೂರು ಬಂದಿದೆ. ಅವರು ಜಾಸ್ತಿ ಹಾಕಿದಷ್ಟೂ ನಿನ್ನ ಸೊಂಟ ಬೇಗ ಕಲಿಯುತ್ತದೆ, ನಿಲ್ಲಿಸಬೇಡ ಎಂದಿದ್ದೇನೆ. ಭಾವನಿಗೆ ಮಾತ್ರ ಏನೂ ಹೇಳಿಲ್ಲ.