ಎಕೋ ಸರಿ ತೋರಿಸಿತು ಅಂತ ಸ್ಕ್ರಿಪ್ಟ್‌ಗೆ ದುಡ್ಡು ಕೊಡಬೇಡಿ

ಆನ್‌ಲೈನಲ್ಲಿ ಶೆಲ್ ಸ್ಕ್ರಿಪ್ಟ್ (ಶೆಲ್ ಅನ್ನೋ ಪ್ರೋಗ್ರಾಂ ಓದಿ ಓಡಿಸೋ ಕಮಾಂಡ್‌ಗಳ ಫೈಲ್) ಬರೆಸಿಕೊಳ್ಳೋರು ದಯವಿಟ್ಟು ಇದನ್ನ ಓದಿ. ನಮ್ಮ ಸ್ಟುಡಿಯೋದ ಲಿನಕ್ಸ್ ಸಿಸ್ಟಮ್‌ನಲ್ಲಿ ಹಳೇ ಫೋಟೋ ಫೋಲ್ಡರ್ ಅಳಿಸೋಕೆ ಒಬ್ಬ ಫ್ರೀಲ್ಯಾನ್ಸರ್ ಹತ್ರ ಸ್ಕ್ರಿಪ್ಟ್ ಬರೆಸಿದೆ. ಮುಂಗಡ ಪೂರ್ತಿ ತಗೊಂಡ.

ಅಳಿಸಬೇಕಿದ್ದ ಫೋಲ್ಡರ್ ಹೆಸರು 'ಮದುವೆ ಹಳೆಯದು'. ಪಕ್ಕದಲ್ಲೇ 'ಮದುವೆ' ಅಂತ ಇನ್ನೊಂದಿತ್ತು, ಈ ಸೀಸನ್ ಫೋಟೋ ಎಲ್ಲಾ ಅದರಲ್ಲೇ. ಸ್ಕ್ರಿಪ್ಟ್‌ನಲ್ಲಿ ಆ ಹೆಸರು ಇಟ್ಟುಕೊಳ್ಳೋ 'ಫೋಲ್ಡರ್' ಅನ್ನೋ ವೇರಿಯೇಬಲ್‌ಗೆ ಹೆಸರನ್ನ ಕೋಟ್ ಹಾಕಿಯೇ ಕೊಟ್ಟಿದ್ದ, ಅದು ಸರಿ. ಸ್ಕ್ರೀನ್ ಶೇರ್‌ನಲ್ಲಿ ಎಕೋ (ಕೊಟ್ಟಿದ್ದನ್ನ ಪ್ರಿಂಟ್ ಮಾಡೋ ಕಮಾಂಡ್) ಮಾಡಿ ತೋರಿಸಿದ. ಪಾತ್ ಪೂರ್ತಿ, ಒಂದಕ್ಷರ ತಪ್ಪಿಲ್ಲದೆ ಪ್ರಿಂಟ್ ಆಯ್ತು. "ನೋಡಿ ಸರ್, ಪರ್ಫೆಕ್ಟ್" ಅಂದ. ನಾನೂ ನಂಬಿದೆ, ಯಾರು ನಂಬಲ್ಲ ಹೇಳಿ?

ರನ್ ಮಾಡಿದರೆ ಹೋಗಿದ್ದು 'ಮದುವೆ'! ಹಳೆಯದು ಹಾಗೇ ಕೂತಿದೆ!

ಆಗಿದ್ದಿಷ್ಟು. ಅಳಿಸೋ ಕಮಾಂಡ್ ಆರ್‌ಎಂ ಇರೋ ಸಾಲಲ್ಲಿ ವೇರಿಯೇಬಲ್‌ನ ಬರೀ $ಫೋಲ್ಡರ್ ಅಂತ ಬರೆದಿದ್ದಾನೆ, ಸುತ್ತ ಡಬಲ್ ಕೋಟ್ ಇಲ್ಲ, ಹಾಗಾಗಿ ಶೆಲ್ ಸ್ಪೇಸ್ ಇದ್ದಲ್ಲಿ ಒಡೆದು ಒಂದು ಹೆಸರನ್ನ ಎರಡು ಮಾಡಿತು, 'ಮದುವೆ' ಬೇರೆ, 'ಹಳೆಯದು' ಬೇರೆ. ಮೊದಲನೆಯದು ಇತ್ತು, ಅಳಿಸಿತು. ಎರಡನೆಯದು ಇರಲೇ ಇಲ್ಲ, ಆದರೆ -ಆರ್‌ಎಫ್ (ಒಳಗಿರೋದೆಲ್ಲಾ ಕೇಳದೆ ಅಳಿಸು, ಇಲ್ಲದಿದ್ರೆ ಸುಮ್ಮನಿರು ಅಂತ) ಕೊಟ್ಟಿದ್ದಾನಲ್ಲ, ಒಂದು ಎರರ್ ಕೂಡ ಬರಲಿಲ್ಲ. ಟ್ರಾಶ್‌ಗೂ ಹೋಗಲ್ಲ ಇದು, ನೇರ ಮಾಯ. ಎಕೋಗೂ ಆವತ್ತು ಎರಡು ತುಂಡೇ ಸಿಕ್ಕಿದ್ದು! ಅದು ನಡುವೆ ಒಂದು ಸ್ಪೇಸ್ ಇಟ್ಟು ಜೋಡಿಸಿ ತೋರಿಸಿತು, ಅಷ್ಟೇ. ಆ "ಪರ್ಫೆಕ್ಟ್" ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಕೇಳಿದರೆ ಅವನ ಉತ್ತರ: "ಸರ್, ಎಕೋದಲ್ಲಿ ಸರಿ ಬಂದಿತ್ತಲ್ವಾ?" ಆಮೇಲೆ, "ಫೋಲ್ಡರ್ ಹೆಸರಲ್ಲಿ ಸ್ಪೇಸ್ ಯಾರಾದ್ರೂ ಇಡ್ತಾರಾ?" ಇಡ್ತಾರೆ ಸ್ವಾಮಿ, ಊರೆಲ್ಲಾ ಇಡುತ್ತೆ! ಕೊನೆಗೆ, "ಎಂಟರ್ ಒತ್ತಿದ್ದು ನೀವು." ಅಲ್ಲ, ಒತ್ತದೆ ಇರೋಕೆ ದುಡ್ಡು ಕೊಟ್ಟಿದ್ನಾ?

ನೀವು ಬರೆಸೋದಾದ್ರೆ ಡಾಲರ್ ಇರೋ ಕಡೆಯೆಲ್ಲಾ ಸುತ್ತ ಡಬಲ್ ಕೋಟ್ ಇದೆಯಾ ನೋಡಿ. ಸಿಂಗಲ್ ಕೋಟ್ ಆಗಲ್ಲ, ಅದರೊಳಗೆ ವೇರಿಯೇಬಲ್ ತೆರೆಯೋದೇ ಇಲ್ಲ. ಪ್ರಿಂಟ್ ಮಾಡಿ ತೋರಿಸ್ತೀನಿ ಅಂದ್ರೆ ಎಕೋ ಬೇಡ, ವೇರಿಯೇಬಲ್ ಆರ್‌ಎಂ ಸಾಲಲ್ಲಿ ಹೇಗಿದೆಯೋ ಹಾಗೇ ಪ್ರಿಂಟ್‌ಎಫ್ ಅನ್ನೋ ಕಮಾಂಡ್‌ಗೆ '[%s]\n' ಜೊತೆ ಕೊಡೋಕೆ ಹೇಳಿ. ತುಂಡಾಗಿದ್ರೆ ಎರಡು ಬ್ರಾಕೆಟ್ ಸಾಲು ಬರುತ್ತೆ, ಬಣ್ಣ ಬಯಲಾಗುತ್ತೆ. ಶೆಲ್‌ಚೆಕ್ ಅಂತ ಟೂಲ್ ಇದೆ, ಪುಕ್ಕಟೆ, ಕೋಟ್ ಬಿಟ್ಟಿದ್ರೆ ಅದೇ ಹೇಳುತ್ತೆ. ನನ್ನ ಹತ್ರ ದುಡ್ಡು ತಗೊಂಡ ಪುಣ್ಯಾತ್ಮ ಅದನ್ನೂ ಓಡಿಸಿಲ್ಲ. ಈಗ ಕೋಟ್ ಹಾಕಿಕೊಡೋಕೆ 'ಅಪ್‌ಡೇಟ್ ಚಾರ್ಜ್' ಕೇಳ್ತಿದ್ದಾನೆ.